ಕರಗದ ಬಿರಡೆ

ಮಾರ್ಚ್ ೩

ಅಪ್ಪಾ,

ಫೋನು ಮಾಡಿದರೆ ನಿನ್ನ ಬಾಯಿಂದ "ಹೂಂ", "ಆಯ್ತು", "ಇಡ್ತೀನಿ" ಬಿಟ್ಟು ನಾಲ್ಕನೆಯ ಮಾತು ಹೊರಡುವುದಿಲ್ಲ. ಕಾಗದವಾದರೆ ಒಂದು ಪುಟವಾದರೂ ತುಂಬಿಸುತ್ತೀಯ. ಅದಕ್ಕೇ ಪೆನ್ನು ಹಿಡಿದು ಕೂತಿದ್ದೇನೆ.

ಹೊಸ ಕೆಲಸಕ್ಕೆ ಬಂದು ಮೂರು ವಾರವಾಯಿತು. ಎಲ್ಲಿ ಎಂದು ನಾನೂ ಹೇಳಿರಲಿಲ್ಲ, ನೀನೂ ಕೇಳಲಿಲ್ಲ. ಎರಡು ಚಿಮಣಿಯ ಹಳೇ ನೂಲಿನ ಗಿರಣಿ ಇದೆಯಲ್ಲ, ಅಲ್ಲಿ. ನಲವತ್ತಾರು ವರ್ಷದ ಹಿಂದೆ ಇಲ್ಲಿಯ ಬಾಯ್ಲರ್ ಸಿಡಿದು, ಪಕ್ಕದ ಕೋಣೆಯಲ್ಲಿ ನೂಲು ಸುತ್ತುತ್ತಿದ್ದ ಹದಿನೇಳು ಹೆಂಗಸರೂ ಬಾಯ್ಲರ್ ನೋಡಿಕೊಳ್ಳುತ್ತಿದ್ದವನೂ ಸತ್ತರು. ಅವತ್ತು ಮುಚ್ಚಿದ ಗಿರಣಿ ಮತ್ತೆ ತೆರೆಯಲಿಲ್ಲ. ಈಗ ಅದನ್ನು ಸ್ಮಾರಕವೆಂದು ಘೋಷಿಸಿ ವಸ್ತುಸಂಗ್ರಹಾಲಯ ಮಾಡಲು ಹೊರಟಿದ್ದಾರೆ. ಮಣ್ಣಿನಲ್ಲಿ ಸಿಕ್ಕಿದ್ದನ್ನೆಲ್ಲ ತೊಳೆದು, ಅಳೆದು, ಚಿತ್ರ ಬರೆದು, ನಂಬರು ಕಟ್ಟಿ, ಅದು ಏನೆಂದು ಬರೆದಿಡುವುದು ನನ್ನ ಕೆಲಸ. ತಗಡಿನ ಶೆಡ್ಡು, ಒಂದು ಉದ್ದನೆಯ ಮೇಜು, ಹಲ್ಲುಜ್ಜುವ ಬ್ರಷ್ಷು ನಾಲ್ಕು. ಇದೇ ನನ್ನ ಆಸ್ತಿ.

ವಿಷಯಕ್ಕೆ ಬರುತ್ತೇನೆ. ವಸ್ತು ಸಂಖ್ಯೆ ೨೧೨ ಏನೆಂದು ಯಾರಿಗೂ ಗೊತ್ತಾಗುತ್ತಿಲ್ಲ. ನನ್ನ ಹೆಬ್ಬೆರಳಿಗಿಂತ ಸ್ವಲ್ಪ ಉದ್ದ. ಆರು ಮೂಲೆಯ ತಲೆ, ಸ್ಪ್ಯಾನರ್ ಹಿಡಿಯುವಂಥದು. ಕೆಳಗೆ ಹೋದಂತೆ ಸಣ್ಣಗಾಗುವ ಮೈ, ಮೈತುಂಬ ತಿರುಪಿನ ಸುತ್ತು. ಹಸಿರು ಕಿಲುಬು ಹಿಡಿದಿದೆ, ಕಂಚು ಇರಬೇಕು. ವಿಚಿತ್ರವೆಂದರೆ ತಲೆಯ ನಡುಮಧ್ಯೆ ಬಟಾಣಿ ಗಾತ್ರದ ಒಂದು ಕೆಂಪು ಬೊಟ್ಟು, ಕೆಳತುದಿಯಲ್ಲೂ ಅಂಥದೇ ಬೊಟ್ಟು. ಬೇರೆ ಯಾವುದೋ ಲೋಹವನ್ನು ಆರಪಾರ ತುರುಕಿದ ಹಾಗೆ.

"ಇದು ಬುಗುರಿ ಕಣಮ್ಮ, ನೋಡಿದ್ರೆ ಗೊತ್ತಾಗಲ್ವಾ?" ಎಂದು ನಮ್ಮ ಕಾವಲುಗಾರ ಗದರಿದ. ಫೋಟೋ ತೆಗೆಯುವವನು ಅದನ್ನು ಮದ್ದುಗುಂಡು ಎಂದುಬಿಟ್ಟ. ಅಷ್ಟೇ, ಇಡೀ ಶೆಡ್ಡು ಖಾಲಿ. ಹತ್ತು ನಿಮಿಷದ ಮೇಲೆ ಚಹಾ ಅಂಗಡಿಯಿಂದ ಒಬ್ಬೊಬ್ಬರಾಗಿ ಏನೂ ಆಗದವರ ಹಾಗೆ ಮುಖ ಮಾಡಿಕೊಂಡು ವಾಪಸ್ ಬಂದರು.

ನೀನು ಮೂವತ್ತು ವರ್ಷ ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ಫಿಟ್ಟರ್ ಆಗಿದ್ದವನು. ಲೋಹ ಮುಟ್ಟಿ ನೋಡಿ ಕುಲಗೋತ್ರ ಹೇಳುತ್ತೀಯ ಎಂದು ಅಮ್ಮ ಹಾಸ್ಯ ಮಾಡುತ್ತಿದ್ದಳಲ್ಲ. ಚಿತ್ರ ಬರೆದು ಇಟ್ಟಿದ್ದೇನೆ. ನೋಡಿ ಹೇಳು.

ಅತ್ತೆಗೆ ಕೇಳಿದೆನೆಂದು ತಿಳಿಸು.

ನಿನ್ನ ಮಗಳು

ಮಾರ್ಚ್ ೧೧

ಮಗಳೇ,

ಕಾಗದ, ಚಿತ್ರ ಎರಡೂ ತಲುಪಿದವು. ಚಿತ್ರ ಚೆನ್ನಾಗಿ ಬರೆದಿದ್ದೀಯ. ಅಳತೆಯನ್ನೂ ಹಾಕಿದ್ದು ಒಳ್ಳೆಯದಾಯಿತು.

ಚಿತ್ರ ನೋಡಿ ಖಚಿತವಾಗಿ ಹೇಳುವುದು ಕಷ್ಟ. ಒಂದು ಅಯಸ್ಕಾಂತ ತೆಗೆದುಕೊಂಡು ನಡುವಿನ ಬೊಟ್ಟಿಗೆ ಮುಟ್ಟಿಸಿ ನೋಡು. ಹಿಡಿಯುತ್ತದೆಯೋ ಇಲ್ಲವೋ ತಿಳಿಸು. ಹಿಡಿಯದಿದ್ದರೆ ಉಗುರಿನಿಂದ ಕೆರೆದು ನೋಡು, ಮೆತ್ತಗಿದೆಯೇ, ಬೆಳ್ಳಗೆ ಹೊಳೆಯುತ್ತದೆಯೇ ಎಂದು.

ಸರಿಯಾಗಿ ಎಲ್ಲಿ ಸಿಕ್ಕಿತು? ಎಷ್ಟು ಆಳದಲ್ಲಿ? ಬೇರೆ ಯಾರಾದರೂ ತಿಳಿದವರು ನೋಡಿದರೇ?

ಆ ಊರಿನ ಕೆಲಸ ಸಿಕ್ಕಿದ್ದನ್ನು ಮೊದಲೇ ಹೇಳಬಹುದಿತ್ತು.

ಅತ್ತೆಗೆ ಮಂಡಿನೋವು, ಉಳಿದಂತೆ ಆರಾಮ.

ಅಪ್ಪ

ಮಾರ್ಚ್ ೧೮

ಅಪ್ಪಾ,

ನೀನು ಹೇಳಿದ ಹಾಗೆಯೇ ಮಾಡಿದೆ. ಅಂಚಿಗೆ ಅಯಸ್ಕಾಂತ ಹಿಡಿಯಲಿಲ್ಲ. ನಡುವಿನ ಬೊಟ್ಟಿಗೆ ಒಯ್ದೆನೋ ಇಲ್ಲವೋ, ಟಕ್ ಎಂದು ಕಚ್ಚಿಕೊಂಡಿತು! ಎರಡು ತುದಿಯಲ್ಲೂ. ಅಂದರೆ ಕಂಚಿನೊಳಗೆ ಕಬ್ಬಿಣದ ಕಡ್ಡಿ. ಕೆರೆದರೆ ಬೆಳ್ಳಗಿಲ್ಲ, ಬರೀ ತುಕ್ಕು. ಕಡ್ಡಿಯ ಎರಡೂ ತುದಿಗಳನ್ನು ಸುತ್ತಿಗೆಯಿಂದ ಬಡಿದು ಅಗಲ ಮಾಡಿದ್ದಾರೆ, ಜಾರಿ ಬೀಳದ ಹಾಗೆ. ಕೆಲಸ ಬಹಳ ಅಚ್ಚುಕಟ್ಟು. ಮಾಡಿದವನ ಕೈ ಒಳ್ಳೆಯದು.

ಸಿಕ್ಕಿದ್ದು ಬಾಯ್ಲರ್ ಮನೆಯ ಹಿಂದಿನ ನೀರಿನ ಹೊಂಡದಲ್ಲಿ, ಮೊಳಕಾಲುದ್ದ ಹೂಳಿನ ಕೆಳಗೆ. ಅದರ ಸುತ್ತ ಹರಿದ ತಗಡಿನ ಚೂರುಗಳಿದ್ದವು. ಸಿಡಿತದಲ್ಲಿ ಹಾರಿ ಬಿದ್ದಿರಬೇಕು. ತಿಳಿದವರು ಎಂದು ಇಲ್ಲಿ ಯಾರಿದ್ದಾರೆ? ನೀನೇ ತಿಳಿದವನು.

ಏನದು? ಹೇಳಪ್ಪಾ, ಕುತೂಹಲಕ್ಕೆ ತಲೆ ಕೆಟ್ಟಿದೆ.

ನಿನ್ನ ಮಗಳು

ಮಾರ್ಚ್ ೨೭

ಮಗಳೇ,

ಅದೇನೂ ಅಲ್ಲ. ಎಣ್ಣೆ ಪೀಪಾಯಿಯ ಬಿರಡೆ. ಅಂಥವು ಪ್ರತಿ ಕಾರ್ಖಾನೆಯಲ್ಲೂ ನೂರಾರು ಇರುತ್ತವೆ. ಅದರ ಹಿಂದೆ ಬಿದ್ದು ಹೊತ್ತು ಕಳೆಯಬೇಡ.

ಹಳೇ ಕಟ್ಟಡದ ಧೂಳು ನಿನ್ನ ಎದೆಗೆ ಆಗುವುದಿಲ್ಲ. ಬೇರೆ ಕಡೆ ಕೆಲಸ ಕೇಳಿ ನೋಡು.

ಅಪ್ಪ

ಏಪ್ರಿಲ್ ೨೦

ಅಪ್ಪಾ,

ನಿನ್ನ ಮಾತು ನಂಬಿ "ಎಣ್ಣೆ ಪೀಪಾಯಿಯ ಬಿರಡೆ" ಎಂದು ಚೀಟಿ ಬರೆದು ೨೧೨ನ್ನು ಕಪಾಟಿನಲ್ಲಿಟ್ಟೆ. ಎದೆಗೆ ಏನೂ ಆಗಿಲ್ಲ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತೇನೆ.

ಮನಸ್ಸಿಗೆ ಮಾತ್ರ ನೆಮ್ಮದಿಯಿಲ್ಲ. ಕಾರಣ ಹೇಳುತ್ತೇನೆ.

ಗಿರಣಿಯ ಎದುರು ರಸ್ತೆಯಲ್ಲಿ ಒಬ್ಬ ಹೆಂಗಸಿನ ಹೊಲಿಗೆ ಅಂಗಡಿ ಇದೆ. ಐವತ್ತೈದು ವರ್ಷ ಇರಬಹುದು. ಶೆಡ್ಡಿಗೆ ಪರದೆ ಹೊಲಿದುಕೊಡಲು ಅವರನ್ನು ಕರೆದಿದ್ದೆವು. ಕೊರಳಲ್ಲಿ ಟೇಪು ನೇತುಹಾಕಿಕೊಂಡು ಕಿಟಕಿ ಅಳೆಯುತ್ತಿದ್ದವರು, ಗೋಡೆಗೆ ಒರಗಿಸಿಟ್ಟಿದ್ದ ಫಲಕದ ಮುಂದೆ ನಿಂತುಬಿಟ್ಟರು. ಬಾಗಿಲ ಬಳಿ ಹಾಕಲು ಬರೆಸಿದ ಫಲಕ ಅದು. "ಬಾಯ್ಲರ್ ನೋಡಿಕೊಳ್ಳುತ್ತಿದ್ದವನು ನಿದ್ದೆಗೆ ಜಾರಿದ್ದರಿಂದ ಈ ದುರಂತ ಸಂಭವಿಸಿತು" ಎಂದಿದೆ. ಹಳೆಯ ಪತ್ರಿಕೆಯಲ್ಲಿ ವಿಚಾರಣೆಯ ತೀರ್ಪು ಹಾಗೇ ಇದೆ, ನಾವೂ ಹಾಗೇ ಬರೆಸಿದ್ದೆವು.

"ಇದರಲ್ಲಿ ಒಂದು ಮಾತು ತೆಗೀಬಹುದಾ, ಮೇಡಂ?" ಎಂದರು.

"ಯಾವ್ದು?"

"ನಿದ್ದೆ ಅನ್ನೋದು."

"ಯಾಕೆ?"

"ಅವರು ನಮ್ಮಪ್ಪ."

ಕುರ್ಚಿ ಕೊಟ್ಟೆ. ಕೂರಲಿಲ್ಲ.

"ಮಲಗಿರ್ಲಿಲ್ಲ ಅಂತ ನಾನೇನು ವಾದ ಮಾಡಲ್ಲಮ್ಮ. ಮಲಗಿದ್ರೇನೋ. ಶಾಲೆ ಮಕ್ಕಳು ಬಂದು ಓದ್ತಾರಲ್ಲ, ನನ್ನ ಮೊಮ್ಮಗಳೂ ಬರ್ತಾಳೆ, ಅದಕ್ಕೆ ಕೇಳ್ದೆ."

ಅವರಿಗೆ ಆಗ ಒಂಬತ್ತು ವರ್ಷವಂತೆ. ತಂದೆಯನ್ನು ಗಿರಣಿಯವರೆಲ್ಲ ಬೆಂಕಿಯಣ್ಣ ಎಂದು ಕರೆಯುತ್ತಿದ್ದರಂತೆ. ಸಿಡಿತವಾದ ಮೇಲೆ ಕೆಲಸಗಾರರ ವಠಾರದಿಂದ ತಾಯಿ ಮಗಳನ್ನು ಹೊರಹಾಕಿದರು. ಸತ್ತ ಹೆಂಗಸರ ಮನೆಯವರು ಇವರ ಬಾಗಿಲಿಗೆ ಬೂದಿ ಸುರಿದು ಹೋಗುತ್ತಿದ್ದರು. "ತಪ್ಪು ಅವರದ್ದೂ ಅಲ್ಲ" ಎಂದರು. ಆಮೇಲೆ ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ: "ವಿಚಾರಣೇಲಿ ಸಾಕ್ಷಿ ಹೇಳಿದ ಫಿಟ್ಟರ್ ನಮ್ಮನೇಲೇ ಊಟ ಮಾಡ್ತಿದ್ದ. ನನ್ನನ್ನ ಹೆಗಲ ಮೇಲೆ ಕೂರಿಸ್ಕೊಂಡು ಚಿಮಣಿ ತೋರಿಸ್ತಿದ್ದ. ಅಂಥವನೇ ಹೇಳಿದ ಮೇಲೆ ಸುಳ್ಳು ಹೇಗಾಗುತ್ತೆ ಅಂತ ನಮ್ಮಮ್ಮನೂ ನಂಬಿದ್ಲು."

ಪುರಾವೆ ಇಲ್ಲದೆ ಫಲಕ ತಿದ್ದಲು ಬರುವುದಿಲ್ಲ ಎಂದೆ. ಅವರು ತಲೆಯಾಡಿಸಿ ಕಿಟಕಿ ಅಳೆಯುವುದನ್ನು ಮುಂದುವರಿಸಿದರು. ಇಷ್ಟು ಕೆಟ್ಟ ಮಾತನ್ನು ನಾನು ಇತ್ತೀಚೆಗೆ ಯಾರಿಗೂ ಆಡಿರಲಿಲ್ಲ.

ನೀನು ಬಾಯ್ಲರಿನ ಕೆಲಸ ಮಾಡಿಲ್ಲ, ಆದರೂ ಕೇಳುತ್ತೇನೆ. ಒಬ್ಬ ಮನುಷ್ಯ ಕಣ್ಣು ಮುಚ್ಚಿದ ಮಾತ್ರಕ್ಕೆ ಬಾಯ್ಲರ್ ಸಿಡಿಯುತ್ತದೆಯೇ? ಅದಕ್ಕೆ ಒಂದು ತಡೆ ಅಂತ ಏನೂ ಇರುವುದಿಲ್ಲವೇ?

ನಿನ್ನ ಮಗಳು

ಜೂನ್ ೨

ಕಣ್ಣೇ,

ನನ್ನ ಅಕ್ಷರ ಕೋಳಿ ಕೆದರಿದ ಹಾಗಿರುತ್ತದೆ, ಹೊಂದಿಸಿಕೊಂಡು ಓದು. ಮಂಡಿನೋವಿನ ಸುದ್ದಿ ಬರೆಯಲು ಕೂತಿಲ್ಲ. ನಿನ್ನ ಅಪ್ಪನ ವಿಷಯ.

ನೀನು ಅಣ್ಣನಿಗೆ ಏನು ಬರೆದೆ? ಏಪ್ರಿಲ್ ಕೊನೆಗೆ ನಿನ್ನ ಕಾಗದ ಬಂದಾಗಿನಿಂದ ಅವನು ಅವನಾಗಿಲ್ಲ. ಅದನ್ನೇ ಮತ್ತೆ ಮತ್ತೆ ತೆಗೆದು ಓದುತ್ತಾನೆ, ಮಡಚಿ ಜೇಬಿಗೆ ಇಡುತ್ತಾನೆ. ತಟ್ಟೆಯ ಮುಂದೆ ಕೂತು ಎರಡು ತುತ್ತು ತಿಂದ ಶಾಸ್ತ್ರ ಮಾಡಿ ಏಳುತ್ತಾನೆ. ಹೋದ ವಾರ ಚೀಲ ಹಿಡಿದು ಬಸ್ ನಿಲ್ದಾಣಕ್ಕೆ ಹೋದವನು ಸಂಜೆ ಅದೇ ಚೀಲ ಹಿಡಿದು ವಾಪಸ್ ಬಂದ. "ಎಲ್ಲಿಗೆ ಹೊರಟಿದ್ದೆ?" ಅಂದೆ. "ಬಸ್ಸು ತಪ್ಪಿತು" ಅಂದ. ದಿನಕ್ಕೆ ಆರು ಬಸ್ಸಿವೆ, ಆರೂ ತಪ್ಪುತ್ತವೆಯೇ?

ಮದುವೆಗೆ ಮೊದಲು ಅವನು ದೂರದ ಊರಲ್ಲಿ ಎಲ್ಲೋ ಕೆಲಸ ಮಾಡಿ, ಇದ್ದಕ್ಕಿದ್ದ ಹಾಗೆ ಬಿಟ್ಟು ಬಂದ. ಆಗಲೂ ಹೀಗೇ ಇದ್ದ. ಆಗ ನಾನು ಕೇಳಲಿಲ್ಲ. ಈಗ ಕೇಳುವ ಧೈರ್ಯ ಇಲ್ಲ. ನೀನು ಕೇಳು.

ನಿನ್ನ ಅತ್ತೆ

ಜೂನ್ ೧೪

ಮಗಳೇ,

ನಿನ್ನ ಪ್ರಶ್ನೆಗೆ ಉತ್ತರ. ತಡೆ ಇರುತ್ತದೆ. ಅದು ನಿನ್ನ ಕಪಾಟಿನಲ್ಲಿದೆ, ಸಂಖ್ಯೆ ೨೧೨.

ಪೀಪಾಯಿಯ ಬಿರಡೆ ಎಂದು ನಾನು ಬರೆದದ್ದು ಸುಳ್ಳು. ಅದು ಬಾಯ್ಲರಿನ ತವರದ ಬಿರಡೆ. ಒಲೆಯ ನೆತ್ತಿಯ ತಗಡಿಗೆ ಕೂರಿಸಿರುತ್ತಾರೆ. ಮೇಲೆ ನೀರು, ಕೆಳಗೆ ಬೆಂಕಿ, ನಡುವೆ ಇದು. ಕಂಚಿನ ಮೈಯಲ್ಲಿ ಆರಪಾರ ತೂತು, ತೂತಿನ ತುಂಬ ತವರ. ಮೇಲೆ ನೀರಿರುವವರೆಗೆ ತವರಕ್ಕೆ ಏನೂ ಆಗುವುದಿಲ್ಲ. ನೀರು ಇಳಿದು ತಗಡು ಬರಿದಾಯಿತೋ, ತವರ ಕರಗಿ ಹೋಗುತ್ತದೆ. ಆ ತೂತಿನಿಂದ ಆವಿ ಬೆಂಕಿಯ ಮೇಲೆ ನುಗ್ಗಿ ಕಿವಿ ಗಡಚಿಕ್ಕುವಂತೆ ಕೂಗುತ್ತದೆ. ಬೆಂಕಿ ಆರುತ್ತದೆ, ಜನ ಓಡುತ್ತಾರೆ. ಮನುಷ್ಯ ಮಲಗಿದರೂ ಅದು ಎದ್ದಿರುತ್ತದೆ. ಅದಕ್ಕೆಂದೇ ಅದನ್ನು ಇಡುವುದು.

ನಿನಗೆ ಸಿಕ್ಕಿದ್ದರಲ್ಲಿ ತವರ ಇಲ್ಲ, ಕಬ್ಬಿಣ ಇದೆ. ಹಾಕಿದವನು ನಾನು. ಮಾಡಿದವನ ಕೈ ಒಳ್ಳೆಯದು ಎಂದು ನೀನು ಬರೆದಿದ್ದೆ. ಆ ಸಾಲು ಓದಿದ ಮೇಲೆ ನನ್ನ ಕೈಯನ್ನು ನಾನೇ ನೋಡಿಕೊಳ್ಳಲೂ ಆಗಲಿಲ್ಲ.

ನನಗಾಗ ಇಪ್ಪತ್ತನಾಲ್ಕು. ಆ ಗಿರಣಿಯಲ್ಲಿ ಎರಡು ವರ್ಷ ಫಿಟ್ಟರ್ ಆಗಿದ್ದೆ. ಬಿರಡೆಯ ತವರ ಸವೆದು ಹನಿ ಹನಿ ಸೋರಲು ಶುರುವಾಗಿತ್ತು. ಹೊಸದು ತರಿಸಲು ಒಂದು ತಿಂಗಳು ಬೇಕು, ಅಷ್ಟು ದಿನ ಗಿರಣಿ ನಿಲ್ಲಿಸುವ ಹಾಗಿಲ್ಲ. ವಾರದ ರಜೆಯ ದಿನ ಬಾಯ್ಲರ್ ತಣ್ಣಗಿದ್ದಾಗ ಹಿರಿಯ ಮೇಸ್ತ್ರಿ ಕರೆದು, "ಆ ತವರ ಕೊರೆದು ತೆಗ್ದು ಒಂದು ಕಬ್ಬಿಣದ ಕಡ್ಡಿ ಬಡಿದು ಕೂರಿಸಿಬಿಡು. ಹೊಸದು ಬಂದ ಕೂಡ್ಲೇ ಬದಲಾಯಿಸೋಣ" ಎಂದರು. ಅವರು ಹೇಳಿದರು ಎಂದು ಬರೆದರೆ ನನ್ನ ಭಾರ ಅರ್ಧ ಇಳಿಯಬೇಕು. ಇಳಿಯುವುದಿಲ್ಲ. ಹಾಗೆ ಮಾಡಿದರೆ ಏನಾಗಬಹುದು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕೊರೆದೆ.

ಮರುದಿನ ಬೆಂಕಿಯಣ್ಣ ಒಲೆಯೊಳಗೆ ಬಗ್ಗಿ ನೋಡಿ ಕೇಳಿದರು: "ಏನಯ್ಯಾ, ಸೋರೋದು ನಿಂತಿದೆ. ಹೊಸದಾ?"

"ಹೊಸದೇ ಅಣ್ಣ. ನಿಶ್ಚಿಂತೆಯಾಗಿರಿ" ಎಂದೆ.

ಅವರು ನಿಶ್ಚಿಂತೆಯಾದರು.

ಹತ್ತೊಂಬತ್ತು ದಿನ ಏನೂ ಆಗಲಿಲ್ಲ. ಇಪ್ಪತ್ತನೆಯ ದಿನ ಬೆಳಿಗ್ಗೆ ಹತ್ತು ಗಂಟೆಯ ಸುಮಾರಿಗೆ ನಾನು ಬಾಯ್ಲರ್ ಮನೆ ಹಾದು ಗೋದಾಮಿಗೆ ಹೊರಟಿದ್ದೆ. ಅವರು ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯನ್ನು ಬಟ್ಟೆಯಿಂದ ಒರೆಸುತ್ತಿದ್ದರು. ಕೊಳವೆಯಲ್ಲಿ ನೀರು ಅರ್ಧಕ್ಕಿತ್ತು, ನಾನೂ ನೋಡಿದೆ. ಅದರ ಕೆಳಗಿನ ನಲ್ಲಿ ಕಟ್ಟಿಕೊಂಡು ಹಳೆಯ ನೀರೇ ನಿಂತಿದ್ದಿರಬೇಕು ಎಂದು ಆಮೇಲೆ ನನಗೆ ಹೊಳೆಯಿತು. ಒಳಗೆ ನೀರು ಬತ್ತಿದ್ದನ್ನು ಅವರಿಗೆ ಹೇಳಲು ಉಳಿದಿದ್ದದ್ದು ಆ ಬಿರಡೆ ಒಂದೇ. ಅದರ ಬಾಯಿಯನ್ನು ನಾನು ಮುಚ್ಚಿದ್ದೆ. ನನ್ನನ್ನು ನೋಡಿ ನಕ್ಕರು. ಮಗಳೇ, ಅವರು ಎಚ್ಚರವಾಗಿದ್ದರು. ಗೋದಾಮಿನ ಬೀಗ ತೆಗೆಯುವಷ್ಟರಲ್ಲಿ ನೆಲ ಎದ್ದು ಬಿತ್ತು.

ಸತ್ತವರನ್ನು ಹೊರತೆಗೆಯುವವರಲ್ಲಿ ನಾನೂ ಇದ್ದೆ. ಅದನ್ನು ಬರೆಯುವುದಿಲ್ಲ.

ವಿಚಾರಣೆಯಲ್ಲಿ ಮೂರು ಜನ ಅಧಿಕಾರಿಗಳು. "ಅವನು ಕೆಲಸದ ಹೊತ್ತಲ್ಲಿ ತೂಕಡಿಸ್ತಿದ್ನಾ?" ಎಂದು ಕೇಳಿದರು. ಒಮ್ಮೆ, ಒಂದೇ ಒಂದು ಸಲ, ಜ್ವರ ಬಂದಿದ್ದಾಗ, "ನೀನು ನೋಡ್ಕೋ, ಐದು ನಿಮಿಷ ಒರಗ್ತೀನಿ" ಎಂದು ನನ್ನನ್ನು ಕೂರಿಸಿ ಬೆಂಚಿನ ಮೇಲೆ ಒರಗಿದ್ದರು. ನಾನು "ಆಗಾಗ" ಎಂದೆ. ಅಷ್ಟೇ. ಒಂದು ಮಾತು. ಬಿರಡೆಯ ವಿಷಯ ಯಾರೂ ಕೇಳಲಿಲ್ಲ, ಅದು ಸಿಕ್ಕಿರಲೂ ಇಲ್ಲ.

ನಾನು ಊರು ಬಿಡುವ ದಿನ ಅವರ ಹೆಂಡತಿ ಮಗಳ ಕೈ ಹಿಡಿದುಕೊಂಡು ನನ್ನ ಕೋಣೆಗೆ ಬಂದರು. "ನಿಜವಾಗ್ಲೂ ಮಲಗಿದ್ರಾ? ನೀನು ಹೇಳು, ನಿನ್ನ ಮಾತು ನಂಬ್ತೀನಿ" ಎಂದರು. ನಾನು ತಲೆ ತಗ್ಗಿಸಿದೆ. ಅವರು ಅದನ್ನು ಹೌದು ಎಂದು ತಿಳಿದರು. ಹಾಗೆ ತಿಳಿಯಲಿ ಎಂದೇ ತಗ್ಗಿಸಿದ್ದೆ.

ನಿನ್ನ ಹೊಲಿಗೆಯವರು ಆ ಹುಡುಗಿ.

ಇದನ್ನು ಏನು ಮಾಡಬೇಕೋ ಮಾಡು.

ಅಪ್ಪ

ಜುಲೈ ೩೦

ನಿಮ್ಮ ಕಾಗದ ಜೂನ್ ಹತ್ತೊಂಬತ್ತಕ್ಕೆ ತಲುಪಿತು.

ಮುಖ್ಯಸ್ಥರಿಗೆ ತೋರಿಸಿದ್ದೇನೆ. ದಾಖಲೆಗೆ ನಿಮ್ಮ ಸಹಿ ಇರುವ ಹೇಳಿಕೆ ಬೇಕು. ಬಿರಡೆಯನ್ನು ಬದಲಿಸಿದ ದಿನಾಂಕ ನೆನಪಿದ್ದರೆ ತಿಳಿಸಿ. ಹಿರಿಯ ಮೇಸ್ತ್ರಿ ಬದುಕಿದ್ದಾರೆಯೇ, ಬೇರೆ ಯಾರಿಗಾದರೂ ಈ ವಿಷಯ ಗೊತ್ತಿತ್ತೇ ಎಂಬುದನ್ನೂ ಬರೆಯಿರಿ. ವಸ್ತು ಸಂಖ್ಯೆ ೨೧೨ರ ಚೀಟಿ ತಿದ್ದಲಾಗಿದೆ.

ಹೊಲಿಗೆಯವರಿಗೆ ಇನ್ನೂ ಹೇಳಿಲ್ಲ. ದಿನಾ ಅವರ ಅಂಗಡಿಯ ಮುಂದೆ ಹಾದು ಹೋಗುತ್ತೇನೆ. ಅವರು ಕೈಯೆತ್ತಿ ನಗುತ್ತಾರೆ.

ಅಮ್ಮನಿಗೆ ಗೊತ್ತಿತ್ತೇ? ಇದು ದಾಖಲೆಗಲ್ಲ.

ಇಂತಿ,
ದಾಖಲೆ ವಿಭಾಗ

ಆಗಸ್ಟ್ ೬

ಮಗಳೇ,

"ನೀವು" ಎಂದು ಬರೆದಿದ್ದೀಯ. ನೋಡಿದೆ. ಸರಿ.

ಹೇಳಿಕೆ ಬರೆದು ಸಹಿ ಮಾಡಿ ಜೊತೆಗಿಟ್ಟಿದ್ದೇನೆ. ಅತ್ತೆ ಸಾಕ್ಷಿ ಹಾಕಿದ್ದಾಳೆ. ಹಾಕುವ ಮೊದಲು ಪೂರ್ತಿ ಓದಿದಳು. ಓದಿ, ಒಳಗೆ ಹೋಗಿ, ಸ್ವಲ್ಪ ಹೊತ್ತಿನ ಮೇಲೆ ಬಂದು ಹಾಕಿದಳು. ದಿನಾಂಕ ಅದರಲ್ಲೇ ಇದೆ. ಮೇಸ್ತ್ರಿ ತೀರಿಕೊಂಡು ಇಪ್ಪತ್ತು ವರ್ಷವಾಯಿತು. ಬೇರೆ ಯಾರಿಗೂ ಗೊತ್ತಿರಲಿಲ್ಲ.

ನಿನ್ನ ಅಮ್ಮನಿಗೆ ಗೊತ್ತಿತ್ತು. ನೀನು ಹುಟ್ಟಿದ ವರ್ಷ ಹೇಳಿದೆ. "ಹೋಗಿ ಆ ತಾಯಿ ಮಗಳಿಗೆ ಹೇಳಿ ಬನ್ನಿ" ಎಂದಳು. ಹೋಗುತ್ತೇನೆ ಎಂದೆ. ಪ್ರತಿವರ್ಷ ಒಂದು ಸಲ ಕೇಳುತ್ತಿದ್ದಳು, "ಹೋದಿರಾ?" ಎಂದು. ಸುಮಾರು ಹತ್ತು ವರ್ಷ ಕೇಳಿದಳು. ಆಮೇಲೆ ಕೇಳುವುದನ್ನು ಬಿಟ್ಟಳು. ನಮ್ಮಿಬ್ಬರ ನಡುವೆ ಮಾತು ಕಡಿಮೆ ಎಂದು ನೀನು ಸಣ್ಣವಳಿದ್ದಾಗ ಅಳುತ್ತಿದ್ದೆಯಲ್ಲ, ಕಾರಣ ಅದು. ಅವಳ ತಪ್ಪು ಏನೂ ಇರಲಿಲ್ಲ.

ಒಂದು ಕೆಲಸ ಮಾಡಿಕೊಡು. ನನ್ನ ಜೂನ್ ಕಾಗದವನ್ನು ಅವರಿಗೆ ಓದಿ ಹೇಳು. ಏನನ್ನೂ ಬಿಡಬೇಡ. ನಾನೇ ಬಂದು ಹೇಳಬೇಕೆಂದರೆ ಬರುತ್ತೇನೆ. ಬರಬೇಡ ಎಂದರೆ ಬರುವುದಿಲ್ಲ.

ಅಪ್ಪ

ಸೆಪ್ಟೆಂಬರ್ ೧೨

ಅಪ್ಪನಿಗೆ,

ನಿನ್ನೆ ಓದಿ ಹೇಳಿದೆ.

ಅಂಗಡಿಯಲ್ಲಿ ಅವರೊಬ್ಬರೇ ಇದ್ದರು. ಒಂದು ಲಂಗದ ಅಂಚು ಹೊಲಿಯುತ್ತಿದ್ದರು. ಈ ಕಾಗದ ಬರೆದವರು ನನ್ನ ಅಪ್ಪ ಎಂದು ಮೊದಲೇ ಹೇಳಿದೆ. ಅದನ್ನು ಕೊನೆಗೆ ಹೇಳುವುದು ಮೋಸ ಅನ್ನಿಸಿತು. ಅವರು ಮಿಷನ್ ನಿಲ್ಲಿಸಲಿಲ್ಲ. ನಾನು ಓದುತ್ತಾ ಹೋದೆ, ಅವರು ತುಳಿಯುತ್ತಾ ಹೋದರು. "ಹೊಸದೇ ಅಣ್ಣ" ಎನ್ನುವಲ್ಲಿ ಮಿಷನ್ ನಿಂತಿತು.

"ಅದನ್ನ ಇನ್ನೊಂದು ಸಲ ಓದಿ."

ಓದಿದೆ.

ಮುಂದೆ ಓದುತ್ತಾ ಹೋಗಿ, ಅವರು ನಕ್ಕ ಜಾಗಕ್ಕೆ ಬಂದಾಗ ಮತ್ತೆ ತಡೆದರು. "ನಕ್ಕರು ಅಂತಾನೇ ಇದೆಯಾ?"

"ಇದೆ."

"ಅದನ್ನೂ ಇನ್ನೊಂದು ಸಲ."

ಮೂರು ಸಲ ಓದಿಸಿದರು. ಪೂರ್ತಿ ಮುಗಿದ ಮೇಲೆ ಕತ್ತರಿಯಿಂದ ದಾರ ಕತ್ತರಿಸಿ, ಲಂಗ ಮಡಚಿ ಇಟ್ಟರು. ಕಣ್ಣಲ್ಲಿ ನೀರಿರಲಿಲ್ಲ.

"ನಮ್ಮಮ್ಮ ಅವರ ಫೋಟೋ ಗೋಡೆಗೆ ಹಾಕ್ಲೇ ಇಲ್ಲ. ಪೆಟ್ಟಿಗೇಲಿ ಬೋರಲು ಇಟ್ಟಿದ್ಲು. ಸಾಯೋವಾಗ್ಲೂ, ಒಂಚೂರು ಎಚ್ಚರ ಇದ್ದಿದ್ರೆ ಇಷ್ಟು ಜನ ಬದುಕ್ತಿದ್ರು ಅಂತ ಬೈಕೊಂಡೇ ಹೋದ್ಲು" ಎಂದರು. ಆಮೇಲೆ, "ನಾನೂ ಬೈದಿದೀನಿ. ನಲವತ್ತಾರು ವರ್ಷ ಬೈದಿದೀನಿ ನಮ್ಮಪ್ಪನ್ನ. ಅದನ್ನೆಲ್ಲ ಯಾರಿಗೆ ವಾಪಸ್ ಕೊಡ್ಲಿ, ಹೇಳಿ?"

ಆ ಪ್ರಶ್ನೆಯನ್ನು ಹಾಗೇ ನಿಮಗೆ ಕಳಿಸುತ್ತಿದ್ದೇನೆ.

ನೀವು ಬರುವ ವಿಷಯ ಕೇಳಿದೆ. ಮಿಷನ್ನಿನ ಮೇಲಿನ ದಾರದ ತುಣುಕುಗಳನ್ನು ಒಟ್ಟುಮಾಡುತ್ತಾ, "ನನ್ನ ಹತ್ರ ಹೇಳಿದ್ರೆ ಏನು ಬಂತು? ಸತ್ತ ಹೆಂಗಸರ ಮನೆಯೋರು ಈ ಬೀದೀಲಿ ಇನ್ನೂ ಇದಾರೆ. ನನಗೆ ಹೇಳಿದ್ದನ್ನೇ ಗೇಟಿನ ಹತ್ರ ನಿಂತು ಅವ್ರಿಗೆ ಹೇಳ್ಲಿ. ಗಟ್ಟಿಯಾಗಿ" ಎಂದರು.

ಫಲಕ ಬದಲಾಗುತ್ತಿದೆ. "ನಿದ್ದೆ" ತೆಗೆದಾಗಿದೆ.

ಬರುವುದು ಬಿಡುವುದು ನಿಮಗೆ ಸೇರಿದ್ದು. ಬರುವುದಾದರೆ ಯಾವ ಬಸ್ಸು ಎಂದು ತಿಳಿಸಿ. ನಿಲ್ದಾಣಕ್ಕೆ ಬರುತ್ತೇನೆ. ಆ ರಸ್ತೆಯಲ್ಲಿ ಒಬ್ಬರೇ ನಡೆದು ಬರುವುದು ಬೇಡ.

ಮಗಳು

ಅಕ್ಟೋಬರ್ ೨೦

ಫಿಟ್ಟರ್ ಅವರಿಗೆ,

ನಿಮ್ಮ ವಿಳಾಸವನ್ನು ನಿಮ್ಮ ಮಗಳಿಂದ ತೆಗೆದುಕೊಂಡೆ.

ಅವತ್ತು ನೀವು ಗೇಟಿನ ಮುಂದೆ ನಿಂತು ಹೇಳಿ ಹೋದ ಮೇಲೆ ಈ ಬೀದಿಯಲ್ಲಿ ಮೂರು ದಿನ ಯಾರೂ ಯಾರ ಮುಖವನ್ನೂ ನೇರವಾಗಿ ನೋಡಲಿಲ್ಲ. ನಿಮ್ಮ ಮೇಲೆ ಕೈ ಮಾಡಲು ಬಂದವನ ಅಕ್ಕ ಬಾಯ್ಲರ್ ಸಿಡಿದು ಸತ್ತವರಲ್ಲಿ ಒಬ್ಬಳು. ಅವನನ್ನು ತಡೆದದ್ದು ನಾನಲ್ಲ, ನಿಮ್ಮ ಮಗಳು. ಇದು ನಿಮಗೆ ಗೊತ್ತಿರಲಿ ಎಂದು ಬರೆದೆ.

ನಾಲ್ಕನೆಯ ದಿನ ಅದೇ ಮನುಷ್ಯ ನನ್ನ ಅಂಗಡಿಗೆ ಬಂದ. ಜೊತೆಗೆ ಇನ್ನು ಮೂರು ಮನೆಯವರು. ನಿಮಗೆ ನೆನಪಿರಬಹುದು, ವಿಚಾರಣೆಗೆ ಮೊದಲೇ ಊರೆಲ್ಲ ತಪ್ಪು ನಮ್ಮಪ್ಪನದೇ ಎನ್ನುತ್ತಿತ್ತು. ಆ ಹದಿನೇಳು ಜನರ ಸಾಲಿನಲ್ಲಿ ನಮ್ಮಪ್ಪನನ್ನು ಹೂಳಲು ಬಿಟ್ಟಿರಲಿಲ್ಲ. ಸ್ಮಶಾನದ ಗೋಡೆಯ ಹೊರಗೆ, ಚರಂಡಿಯ ಪಕ್ಕ ಹೂತರು. ಅಲ್ಲಿ ಗುರುತಿಗೆ ಏನೂ ಇಲ್ಲ. ಈಗ ಅವರೆಲ್ಲ ಸೇರಿ ಒಂದು ಕಲ್ಲು ನಿಲ್ಲಿಸೋಣ ಎನ್ನುತ್ತಿದ್ದಾರೆ. "ಅಪ್ಪನ ಬಗ್ಗೆ ಏನು ಬರೆಸೋಣ, ನೀನೇ ಹೇಳು" ಎಂದು ನನ್ನನ್ನು ಕೇಳಿದರು.

ಹೇಳಲು ಹೋದೆ. ಏನೂ ಬರಲಿಲ್ಲ.

ಆಗ ನನಗೆ ಒಂಬತ್ತು ವರ್ಷ. ಅವರು ನಾನು ಏಳುವ ಮೊದಲೇ ಹೋಗುತ್ತಿದ್ದರು. ಅಮ್ಮ ಅವರ ಮಾತು ಎತ್ತಲು ಬಿಡುತ್ತಿರಲಿಲ್ಲ. ಬೈಯುವುದಕ್ಕೆ ಇಟ್ಟುಕೊಂಡ ಅಪ್ಪ ಒಬ್ಬ ಇದ್ದ. ಅವನನ್ನು ತೆಗೆದು ಹಾಕಿದ ಮೇಲೆ ಆ ಜಾಗದಲ್ಲಿ ಯಾರೂ ಇಲ್ಲ. ದನಿ ಹೇಗಿತ್ತು ಎಂಬುದೂ ನೆನಪಿಲ್ಲ. ಅವರ ಜೊತೆ ಕೆಲಸ ಮಾಡಿದವರು ಒಬ್ಬೊಬ್ಬರಾಗಿ ಹೋಗಿದ್ದಾರೆ. ವಿಚಾರಿಸಿ ನೋಡಿದೆ. ಉಳಿದಿರುವುದು ನೀವೊಬ್ಬರೇ.

ನಾನು ನಿಮ್ಮನ್ನು ಕ್ಷಮಿಸಿಲ್ಲ. ಕ್ಷಮಿಸುತ್ತೇನೋ ಇಲ್ಲವೋ ಗೊತ್ತಿಲ್ಲ. ಆ ಮಾತು ಬೇರೆ. ಕೇಳಲು ಬೇರೆ ಯಾರೂ ಇಲ್ಲದ್ದರಿಂದ ನಿಮ್ಮನ್ನು ಕೇಳುತ್ತಿದ್ದೇನೆ. ಅವರು ಹೇಗಿದ್ದರು? ಸಿಡಿದ ದಿನದ್ದು ಬೇಡ. ಏನೂ ಆಗದ ಒಂದು ದಿನದ್ದು ಬರೆಯಿರಿ.

ಬೆಂಕಿಯಣ್ಣನ ಮಗಳು

ಅಕ್ಟೋಬರ್ ೨೮

ಅಮ್ಮಾ,

ಬರೆಯುತ್ತೇನೆ.

ಅವರು ಬೆಳಿಗ್ಗೆ ಐದೂವರೆಗೆ ಪಕ್ಕದ ಸಣ್ಣ ಗೇಟಿನಿಂದ ಬರುತ್ತಿದ್ದರು. ದೊಡ್ಡ ಗೇಟಿನಲ್ಲಿ ಕಾವಲಿನವನಿಗೆ ನಮಸ್ಕಾರ ಹೊಡೆಯಬೇಕಲ್ಲ ಎಂದು. ಎತ್ತರದ ಆಳು, ಬಾಗಿಲಲ್ಲಿ ಬಗ್ಗಿಯೇ ಒಳಗೆ ಬರಬೇಕಿತ್ತು. ಆದರೂ ವಾರಕ್ಕೊಮ್ಮೆ ಹಣೆ ತಗುಲಿಸಿಕೊಂಡು ಬಾಗಿಲನ್ನೇ ಬೈಯುತ್ತಿದ್ದರು. ಹೆಸರಿಗೆ ಬೆಂಕಿ, ಸ್ವಭಾವ ತಣ್ಣೀರು. ದನಿ ದಪ್ಪ, ಸ್ವಲ್ಪ ಒಡೆದ ದನಿ. ಹೊಗೆ ಕುಡಿದು ಹಾಗಾಗಿತ್ತು. ಹಾಡಲು ಬರುತ್ತಿರಲಿಲ್ಲ, ಹಾಡದೆ ಇರುತ್ತಲೂ ಇರಲಿಲ್ಲ.

ಬಾಯ್ಲರನ್ನು ಮಾವ ಎಂದು ಕರೆಯುತ್ತಿದ್ದರು. ಬಂದ ಕೂಡಲೇ ಅದರ ಕಬ್ಬಿಣದ ಬಾಗಿಲಿಗೆ ಅಂಗೈಯಿಂದ ಒಂದು ಏಟು ಹಾಕಿ, "ಏಳಪ್ಪಾ ಮಾವ, ಹೊತ್ತಾಯ್ತು" ಎನ್ನುವರು. ಯಾಕೆ ಮಾವ ಎಂದು ಕೇಳಿದ್ದಕ್ಕೆ, "ದಿನವಿಡೀ ತಿನ್ನೋದು, ತಿಂದು ಗುರ್ ಅನ್ನೋದು. ನಮ್ಮ ಮಾವನೂ ಹಿಂಗೇ ಕಣಯ್ಯಾ" ಎಂದಿದ್ದರು. ಇದನ್ನು ನಿಮ್ಮ ತಾಯಿಯ ಮುಂದೆ ಹೇಳಬಾರದೆಂದು ನನ್ನಿಂದ ಭಾಷೆ ತೆಗೆದುಕೊಂಡಿದ್ದರು.

ಮನೆಗೆ ಹೊರಡುವಾಗ ಸೀಮೆಎಣ್ಣೆಯಲ್ಲಿ ಒಂದು ಸಲ, ಸೋಪಿನಲ್ಲಿ ಎರಡು ಸಲ ಕೈ ತೊಳೆಯುತ್ತಿದ್ದರು. ಮಸಿಯ ಕೈಯಲ್ಲಿ ಹೋದರೆ ಮಗಳು ಎತ್ತಿಕೊಳ್ಳಲು ಬಿಡುವುದಿಲ್ಲ ಎನ್ನುತ್ತಿದ್ದರು. ಅದು ನೀವು.

ಅವರಿಗೆ ಓದಲು ಬರುತ್ತಿರಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ನಾನು ಪತ್ರಿಕೆ ಓದಿ ಹೇಳಬೇಕಿತ್ತು. ಬೇರೆ ಯಾವ ಸುದ್ದಿಯೂ ಬೇಡ. "ಇವತ್ತು ಎಲ್ಲಿ ಚಳಿ ಬಿದ್ದಿದೆ ನೋಡು" ಎನ್ನುವರು. ದಿನವಿಡೀ ಬೆಂಕಿಯ ಮುಂದೆ ನಿಲ್ಲುವ ಮನುಷ್ಯ, ಎಲ್ಲೋ ನೀರು ಹೆಪ್ಪುಗಟ್ಟಿದೆ, ಎಲ್ಲೋ ಹಿಮ ಬಿದ್ದು ದಾರಿ ಮುಚ್ಚಿದೆ ಎಂದು ಕೇಳಿದರೆ ಅವರ ಮುಖ ಅರಳುತ್ತಿತ್ತು. ಪತ್ರಿಕೆಯಲ್ಲಿ ಅಂಥದು ಏನೂ ಇಲ್ಲದ ದಿನ ನಾನೇ ಒಂದು ಊರು ಕಟ್ಟಿ ಹೇಳುತ್ತಿದ್ದೆ. ಅಲ್ಲಿ ಜನ ಮೂರು ಕಂಬಳಿ ಹೊದೆಯುತ್ತಾರೆ, ಬಾಗಿಲು ತೆಗೆದರೆ ಮಂಜು ಸೊಂಟದವರೆಗೆ ಇರುತ್ತದೆ ಎಂದು. ಅದು ಕಟ್ಟಿದ್ದು ಎಂದು ಅವರಿಗೆ ಗೊತ್ತಾಗುತ್ತಿತ್ತು. ಆದರೂ ಸಲಿಕೆಗೆ ಒರಗಿಕೊಂಡು ನಿಂತು, ಹಣೆಯ ಬೆವರು ಒರೆಸಿಕೊಳ್ಳುತ್ತಾ, "ಇನ್ನೂ ಸ್ವಲ್ಪ ಹೇಳಯ್ಯಾ" ಎನ್ನುತ್ತಿದ್ದರು.

ಫಿಟ್ಟರ್